ಮಂಡಿ ಆಪರೇಷನ್ ಆದಮೇಲೆ ರಿಹ್ಯಾಬ್ ಸೆಂಟರಿಗೆ ಸೇರಿಸಬೇಕಾ, ಮನೆಯಲ್ಲೇ ನೋಡಿಕೊಳ್ಳಬಹುದಾ?

ತುಮಕೂರು ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 68 ವರ್ಷ. ಬಲಗಾಲಿನ ಮಂಡಿ ಪೂರ್ತಿ ಸವೆದಿದೆ. ಮುಂದಿನ ತಿಂಗಳು ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಮಂಡಿ ಬದಲಾವಣೆ ಆಪರೇಷನ್ ನಿಗದಿಯಾಗಿದೆ. ಸಕ್ಕರೆ ಕಾಯಿಲೆ ಇದೆ, ಹತೋಟಿಯಲ್ಲಿದೆ. ಹಾರ್ಟ್ ತೊಂದರೆ ಏನೂ ಇಲ್ಲ.

ನಾಲ್ಕನೇ ದಿನಕ್ಕೆ ಡಿಸ್ಚಾರ್ಜ್ ಮಾಡುತ್ತೇವೆ ಎಂದಿದ್ದಾರೆ. ಆಮೇಲೆ 10 ದಿನ ರಿಹ್ಯಾಬ್ ಸೆಂಟರಿಗೆ (ಆಪರೇಷನ್ ಆದವರನ್ನು ಇಟ್ಟುಕೊಂಡು ವ್ಯಾಯಾಮ, ಆರೈಕೆ ಮಾಡಿಸುವ ಕಡೆ) ಸೇರಿಸಿದರೆ ಒಳ್ಳೆಯದು ಎಂದು ಒಂದು ಸೆಂಟರಿನ ಚೀಟಿ ಕೊಟ್ಟರು. ಪ್ಯಾಕೇಜ್ 55,000 ರೂಪಾಯಿ. ಔಷಧಿ ಬೇರೆ. ನ್ಯೂಜೆರ್ಸಿಯಲ್ಲಿರುವ ತಮ್ಮ "ಸೇರಿಸಿಬಿಡು ಅಕ್ಕ, ದುಡ್ಡು ನಾನು ಕಳಿಸ್ತೀನಿ" ಅನ್ನುತ್ತಾನೆ. ಅಮ್ಮ "ನನ್ನನ್ನು ಎಲ್ಲೂ ಬಿಡಬೇಡ" ಅನ್ನುತ್ತಾಳೆ. ನನ್ನ ಮನೆ ಮೊದಲ ಮಹಡಿ, ಲಿಫ್ಟ್ ಇಲ್ಲ. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುವವರು. ಮಗ ಪಿಯುಸಿ.

ದುಡ್ಡು ಉಳಿಸಬೇಕು ಅನ್ನುವುದಕ್ಕಿಂತ, ಕೊಟ್ಟ ದುಡ್ಡಿಗೆ ಅಮ್ಮನ ಕಾಲು ನಿಜವಾಗಿ ಬೇಗ ಸರಿಹೋಗುತ್ತದಾ ಅನ್ನುವುದು ನನ್ನ ಪ್ರಶ್ನೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಫಿಸಿಯೋ ಮೈಸೂರು

ನಾನು ಫಿಸಿಯೋಥೆರಪಿಸ್ಟ್. ಮಂಡಿ ಆಪರೇಷನ್ ಆದವರ ಮನೆಗೆ ಹೋಗುವುದೇ ನನ್ನ ಮುಖ್ಯ ಕೆಲಸ. ಹಾಗಾಗಿ ನಾನು ಮನೆಯ ಪರ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ, ಆ ಲೆಕ್ಕದಲ್ಲೇ ಓದಿ.

ನಿಮ್ಮ ಅಮ್ಮನಂಥವರಿಗೆ, ಅಂದರೆ ಒಂದೇ ಮಂಡಿ, ಮೊದಲೇ ಗೊತ್ತುಮಾಡಿದ ಆಪರೇಷನ್, ಬೇರೆ ದೊಡ್ಡ ಕಾಯಿಲೆ ಇಲ್ಲ, ಮನೆಯಲ್ಲಿ ಜನ ಇದ್ದಾರೆ ಅನ್ನುವವರಿಗೆ ಸೆಂಟರಿನಲ್ಲಿ ಉಳಿದ ಮಾತ್ರಕ್ಕೆ ಕಾಲು ಹೆಚ್ಚು ಚೆನ್ನಾಗಿ ಆಗುವುದಿಲ್ಲ. ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಮಂಡಿ ಬದಲಾವಣೆ ಆದ 165 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪು 10 ದಿನ ರಿಹ್ಯಾಬ್ ಆಸ್ಪತ್ರೆಯಲ್ಲಿದ್ದು ಆಮೇಲೆ ಮನೆ ವ್ಯಾಯಾಮ ಮಾಡಿತು. ಇನ್ನೊಂದು ಗುಂಪಿಗೆ ನೇರ ಮನೆ ವ್ಯಾಯಾಮ. 26 ವಾರ ಆದಮೇಲೆ 6 ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಅಳೆದರೆ ಎರಡೂ ಗುಂಪು ಸುಮಾರು 400 ಮೀಟರ್. 2017ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಜಾಮಾದಲ್ಲಿ ಬಂತು.

ಆದರೆ ಗಮನಿಸಿ. ಅಲ್ಲಿ ಮನೆ ಅಂದರೆ ಸುಮ್ನೆ ಮಲಗಿಸಿ ಗಂಜಿ ಕೊಡುವುದಲ್ಲ. ಹೇಳಿಕೊಟ್ಟ ವ್ಯಾಯಾಮ, ಮೇಲಿಂದ ಫಿಸಿಯೋ ನಿಗಾ ಎರಡೂ ಇತ್ತು.

ಜೆಪಿ ನಗರದಿಂದ

ಎಲ್ಲರೂ ಮನೆ ಮನೆ ಅನ್ನುತ್ತಾರೆ. ಮನೆಯಲ್ಲಿ ಯಾರು? ಸೊಸೆ, ಇಲ್ಲ ಮಗಳು. ಅವರ ರಜೆಗೆ, ನಿದ್ದೆಗೆ, ಸೊಂಟಕ್ಕೆ ಯಾರೂ ಬಿಲ್ ಹಾಕುವುದಿಲ್ಲ, ಅದಕ್ಕೇ ಮನೆ ಅಗ್ಗ ಅನ್ನಿಸುತ್ತದೆ.

ನಮ್ಮ ಮಾವನವರಿಗೆ ಎರಡೂ ಮಂಡಿ ಒಟ್ಟಿಗೆ ಆಯಿತು. ರಾತ್ರಿ ಬಾತ್‌ರೂಮಿಗೆ ಎಬ್ಬಿಸಬೇಕು, ಅವರು 80 ಕೆಜಿ. ಸೆಂಟರಿನಲ್ಲಿ ಒಂದು ವಾರ ಇದ್ದರು. ಬರುವಾಗ ವಾಕರ್ ಹಿಡಿದು ತಾವೇ ಎದ್ದು ಕೂರುತ್ತಿದ್ದರು. ದುಬಾರಿ ಹೌದು, ನನಗೇನೂ ಬೇಜಾರಿಲ್ಲ.

ಫಿಸಿಯೋ ಮೈಸೂರು

ಜೆಪಿ ನಗರದವರ ಮಾತು ಪೂರ್ತಿ ಸರಿ. ಎರಡೂ ಮಂಡಿ ಒಟ್ಟಿಗೆ ಆದವರು, ಒಂಟಿಯಾಗಿ ಇರುವವರು, ಮೊದಲೇ ಲಕ್ವ ಅಥವಾ ಪಾರ್ಕಿನ್ಸನ್ ಇರುವವರು, ಬಿದ್ದು ಮೂಳೆ ಮುರಿದು ಸೊಂಟದ ಕೀಲು ಹಾಕಿಸಿಕೊಂಡವರು, ಇವರೆಲ್ಲರ ಲೆಕ್ಕವೇ ಬೇರೆ. ಇವರಿಗೆ ಒಂದೆರಡು ವಾರ ಸೆಂಟರ್ ಒಳ್ಳೆಯದು. ನಾನೇ ಕಳಿಸಿದ್ದೇನೆ.

ತುಮಕೂರು ಮಗಳು, ನಿಮ್ಮ ಮನೆಗೆ ನಡುವಿನ ದಾರಿ ಒಂದಿದೆ. ಹಗಲಿಗೆ ಒಬ್ಬ ಆಯಾ, ಜೊತೆಗೆ ಮನೆಗೆ ಬರುವ ಫಿಸಿಯೋ. ಮೊದಲ ವಾರ ದಿನ ಬಿಟ್ಟು ದಿನ, ಎರಡು ಮೂರನೇ ವಾರ ಮೂರು ಮೂರು ಸಲ, ಆಮೇಲೆ ಆರನೇ ವಾರದವರೆಗೆ ವಾರಕ್ಕೊಮ್ಮೆ. ಒಟ್ಟು 12–13 ಭೇಟಿ. 600 ರೂಪಾಯಿ ಅಂತ ಹಿಡಿದರೂ 8,000ದ ಒಳಗೆ. ಬೆಂಗಳೂರಿನಲ್ಲಿ ಇನ್ನೂ ಜಾಸ್ತಿ ಕೇಳುವವರು ಇದ್ದಾರೆ, ಕಡಿಮೆಗೂ ಬರುತ್ತಾರೆ. ಆಯಾಗೆ ದಿನಕ್ಕೆ 800 ಅಂದರೂ ಎರಡು ವಾರಕ್ಕೆ 11,200. ಎಲ್ಲಾ ಸೇರಿ ಪ್ಯಾಕೇಜಿನ ಅರ್ಧದ ಒಳಗೇ ಮುಗಿಯುತ್ತದೆ.

ತುಮಕೂರು ಮಗಳು

ತುಂಬಾ ಥ್ಯಾಂಕ್ಸ್ ಮೇಡಂ. ಆಯಾ ವಿಷಯ ತಲೆಗೇ ಹೊಳೆದಿರಲಿಲ್ಲ. ಪ್ಯಾಕೇಜಿನಲ್ಲಿ "ಮಂಡಿ ಮಡಚುವ ಯಂತ್ರ" ಅಂತ ದೊಡ್ಡದಾಗಿ ಬರೆದಿದ್ದಾರೆ. ಕಾಲನ್ನು ಅದರ ಮೇಲಿಟ್ಟರೆ ತಾನೇ ಮಡಚಿ ಬಿಡಿಸುತ್ತದಂತೆ. ಅದು ಮನೆಯಲ್ಲಿ ಸಿಗುವುದಿಲ್ಲ ಅಲ್ವಾ? ಮತ್ತೆ ಮೆಟ್ಟಿಲು?

ಫಿಸಿಯೋ ಮೈಸೂರು

ಆ ಯಂತ್ರಕ್ಕೆ ಸಿಪಿಎಂ ಅನ್ನುತ್ತಾರೆ. ಬಾಡಿಗೆಗೂ ಸಿಗುತ್ತದೆ, ಆದರೆ ಬೇಡ. ಹಲವು ಅಧ್ಯಯನ ಒಟ್ಟಿಗೆ ಇಟ್ಟು ನೋಡಿದ, ಕಾಕ್ರೇನ್ ಎಂಬ ಸಂಸ್ಥೆಯ 2014ರ ವಿಮರ್ಶೆಯಲ್ಲಿ ಅದರಿಂದ ಬರುವ ಲಾಭ ಲೆಕ್ಕಕ್ಕೆ ಬರುವಷ್ಟು ದೊಡ್ಡದಲ್ಲ ಎಂದೇ ಬಂತು. ಯಂತ್ರ ಮಡಚಿದರೆ ತೊಡೆಯ ಸ್ನಾಯುವಿಗೆ ಕೆಲಸ ಇಲ್ಲ. ಅಮ್ಮನೇ ಮಡಚಬೇಕು.

ಮನೆಯಲ್ಲಿ ಮಾಡುವುದು ಹೀಗೆ. ಹಾಸಿಗೆಯ ಮೇಲೆ ಕಾಲು ಚಾಚಿ ಕೂರಿಸಿ. ಹಿಮ್ಮಡಿಯ ಕೆಳಗೆ ಒಂದು ನುಣುಪಾದ ಪ್ಲಾಸ್ಟಿಕ್ ಕವರ್ ಹಾಕಿ. ಹಿಮ್ಮಡಿಯನ್ನು ನಿಧಾನ ತನ್ನ ಕಡೆಗೆ ಎಳೆದುಕೊಳ್ಳಲಿ, 5 ಎಣಿಸುವಷ್ಟು ಹೊತ್ತು ನಿಲ್ಲಿಸಲಿ, ಮತ್ತೆ ಚಾಚಲಿ. ಕವರ್ ಇದ್ದರೆ ಬೆಡ್‌ಶೀಟ್ ಹಿಡಿಯುವುದಿಲ್ಲ, ಜಾರುತ್ತದೆ. ಒಂದು ಹೊತ್ತಿಗೆ 10 ಸಲ, ದಿನಕ್ಕೆ ಮೂರು ನಾಲ್ಕು ಹೊತ್ತು.

ಮಡಚುವುದಕ್ಕಿಂತ ಮುಖ್ಯ ನೆಟ್ಟಗೆ ಮಾಡುವುದು. ಜನ "ಎಷ್ಟು ಬಗ್ಗುತ್ತೆ" ಅಂತಲೇ ಕೇಳುತ್ತಾರೆ, ಕಾಲು ಪೂರ್ತಿ ನೆಟ್ಟಗಾಗದಿದ್ದರೆ ಮಾತ್ರ ಜೀವನಪೂರ್ತಿ ಕುಂಟಬೇಕು. ಟವೆಲ್ ಸುತ್ತಿ ಹಿಮ್ಮಡಿಯ ಕೆಳಗೆ ಇಡಿ, ಮಂಡಿಯ ಕೆಳಗೆ ಖಾಲಿ ಇರಲಿ. ಮಂಡಿಯನ್ನು ಹಾಸಿಗೆಯ ಕಡೆಗೆ ಒತ್ತಲು ಹೇಳಿ. ತೊಡೆಯ ಮೇಲೆ ಕೈ ಇಟ್ಟು ನೋಡಿ, ಸ್ನಾಯು ಗಟ್ಟಿಯಾಗಬೇಕು. ದಯವಿಟ್ಟು ಮಂಡಿ ಕೆಳಗೆ ದಿಂಬು ಇಡಬೇಡಿ. ಹಾಯೆನಿಸುತ್ತದೆ, ಎಲ್ಲರೂ ಅದನ್ನೇ ಕೇಳುತ್ತಾರೆ, ಆದರೆ ಮಂಡಿ ಬಗ್ಗಿದಂತೆಯೇ ಕೂತುಬಿಡುತ್ತದೆ.

ನೋವಿನ ಮಾತ್ರೆ ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು. "ಮಾತ್ರೆ ತಿಂದರೆ ಕಿಡ್ನಿ ಹೋಗುತ್ತೆ" ಎಂದು ನೋವು ತಡೆದುಕೊಂಡು ವ್ಯಾಯಾಮ ಬಿಡುವ ಅಮ್ಮಂದಿರು ಬಹಳ. ಯಾವ ಮಾತ್ರೆ, ಎಷ್ಟು ದಿನ ಎಂದು ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಳ್ಳಿ, ಸಕ್ಕರೆ ಇರುವುದರಿಂದ ಕಿಡ್ನಿ ಬಗ್ಗೆಯೂ ಆಗಲೇ ಕೇಳಿ.

ಮೆಟ್ಟಿಲು: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಇದನ್ನು ಆಸ್ಪತ್ರೆಯಲ್ಲೇ ಒಮ್ಮೆ ಹತ್ತಿಸಿ ಇಳಿಸಿ ತೋರಿಸಲು ಹೇಳಿ. ತೋರಿಸದೆ ಡಿಸ್ಚಾರ್ಜ್ ಬೇಡ. ಮನೆಗೆ ಬಂದಮೇಲೆ ಕೆಲವು ದಿನ ಇಳಿಯುವ ಅಗತ್ಯವೇ ಬರುವುದಿಲ್ಲ, ಹೊಲಿಗೆ ಬಿಚ್ಚಿಸಲು ಹೋಗುವಾಗ ಮಾತ್ರ.

ಮಲ್ಲೇಶ್ವರದ ಅಜ್ಜಿ

ನನಗೆ 74. ಎಡ ಮಂಡಿ ಆಗಿದೆ, ಮೊಮ್ಮಗ ಟೈಪ್ ಮಾಡಿಕೊಡುತ್ತಿದ್ದಾನೆ. ಮಗೂ, ನಿಮ್ಮಮ್ಮನಿಗೆ ಹೇಳು, ಮೊದಲ ಎರಡು ವಾರ ಅಳು ಬರುತ್ತೆ, ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸುತ್ತೆ. ನನಗೂ ಹಾಗೇ ಅನ್ನಿಸಿತ್ತು. ಮೂರನೇ ವಾರಕ್ಕೆ ಸ್ವಲ್ಪ ತಿಳಿಯಾಯಿತು.

ನೋಡಲು ಬಂದವರು ತಲೆಗೊಂದು ಮಾತು. ಬದನೆಕಾಯಿ ನಂಜು, ಕಡಲೆಕಾಯಿ ನಂಜು, ಮೊಸರು ತಿಂದರೆ ಕೀವಾಗುತ್ತೆ. ಡಾಕ್ಟರು ನಕ್ಕು, ಮೊಸರು, ಬೇಳೆ, ಕಾಳು ಚೆನ್ನಾಗಿ ತಿನ್ನಿ ಅಜ್ಜಿ, ಗಾಯ ಮಾಯೋಕೆ ಅದೇ ಬೇಕು ಅಂದರು. ನಾನು ಎಲ್ಲಾ ತಿಂದೆ. ಎಣ್ಣೆ ಹಚ್ಚಿ ನೀವುತ್ತೇನೆ ಎಂದು ನಾದಿನಿ ಬಂದಳು, ಅವಳನ್ನು ಮಾತ್ರ ಹತ್ತಿರ ಬಿಡಲಿಲ್ಲ.

ಇನ್ನೊಂದು. ನಾನು ಪೂಜೆಗೆ ಈಗ ಕುರ್ಚಿಯಲ್ಲೇ ಕೂರುತ್ತೇನೆ. ಚಕ್ಕಳಮಕ್ಕಳ ಹಾಕುವ ಆಸೆ ಬಿಟ್ಟೆ. ದೇವರು ಕುರ್ಚಿಗೆ ಬೇಡ ಅನ್ನಲ್ಲ.

ಕ್ಲೇಮ್ ಡೆಸ್ಕ್

ಇನ್ಶೂರೆನ್ಸ್ ಇದೆಯಾ ಎಂದು ಯಾರೂ ಕೇಳಲಿಲ್ಲ! ನಾನು ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವನು.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನಿಗದಿ ಮಾಡಿದ ಹೊರಗಿಡುವ ಖರ್ಚುಗಳ ಪಟ್ಟಿಯಲ್ಲಿ 5ನೇ ಕೋಡ್ ವಿಶ್ರಾಂತಿ ಮತ್ತು ರಿಹ್ಯಾಬ್‌ಗೆ ಸಂಬಂಧಿಸಿದ್ದು. ಚಿಕಿತ್ಸೆಗಿಂತ ಆರೈಕೆಗಾಗಿಯೇ ಸೇರಿಸಿದ್ದು ಎಂದು ಕಂಡರೆ ಸೆಂಟರ್ ಬಿಲ್ ಪಾಸಾಗುವುದು ಕಷ್ಟ. "ಇನ್ಶೂರೆನ್ಸಿನಲ್ಲಿ ಆಗುತ್ತೆ ಮೇಡಂ" ಎಂದು ಸೆಂಟರಿನವರು ಬಾಯಲ್ಲಿ ಹೇಳಿದರೆ ನಂಬಬೇಡಿ. ಕಂಪನಿಗೆ ಮೇಲ್ ಹಾಕಿ, ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ.

ಆದರೆ ಮನೆಗೆ ಬರುವ ಫಿಸಿಯೋ ಬಿಲ್ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ. ಡಿಸ್ಚಾರ್ಜ್ ನಂತರದ ಖರ್ಚು ಅಂತ ಪಾಲಿಸಿಯಲ್ಲಿ ಇರುತ್ತದಲ್ಲ, ಅದರಲ್ಲಿ. ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಅದು 60 ದಿನ, ಕೆಲವು ಪಾಲಿಸಿಗಳಲ್ಲಿ 90 ಅಥವಾ ಅದಕ್ಕಿಂತ ಹೆಚ್ಚು. ಫಿಸಿಯೋ ಸೇರುತ್ತದಾ ಎಂದು ನಿಮ್ಮ ಪಾಲಿಸಿಯಲ್ಲಿ ಒಮ್ಮೆ ನೋಡಿಕೊಳ್ಳಿ. ಡಿಸ್ಚಾರ್ಜ್ ಚೀಟಿಯಲ್ಲಿ "ಫಿಸಿಯೋಥೆರಪಿ, ಇಷ್ಟು ವಾರ" ಎಂದು ಸರ್ಜನ್ ಬರೆದಿರಬೇಕು. ಇದಿಲ್ಲದೆ ತಿರಸ್ಕಾರವಾದ ಫೈಲುಗಳು ರಾಶಿ ರಾಶಿ. ಫಿಸಿಯೋ ಕೊಡುವ ರಶೀದಿಯಲ್ಲಿ ಅವರ ಹೆಸರು, ರಿಜಿಸ್ಟ್ರೇಷನ್ ನಂಬರ್, ಬಂದ ದಿನಾಂಕಗಳು ಇರಲಿ. ದುಡ್ಡು ಯುಪಿಐನಲ್ಲಿ ಕೊಡಿ, ಕೈಯಲ್ಲಿ ಬೇಡ. ವಾಕರ್, ಕಮೋಡ್ ಚೇರ್, ಮಂಡಿ ಬೆಲ್ಟ್, ಆಯಾ ಸಂಬಳ ಇವು ಸಾಮಾನ್ಯವಾಗಿ ಸಿಗುವುದಿಲ್ಲ, ಅದನ್ನು ಕೈಯಿಂದಲೇ ಅಂದುಕೊಳ್ಳಿ.

ಕೀಲು ಬದಲಾವಣೆಗೆ ಕಾಯುವ ಅವಧಿ, ಅಂದರೆ ಪಾಲಿಸಿ ಮಾಡಿಸಿದ ಮೇಲೆ ಕ್ಲೇಮ್ ಸಿಗದ ಮೊದಲ ವರ್ಷಗಳು, ಮುಗಿದಿದೆಯಾ ಎಂದು ಕೂಡ ಇವತ್ತೇ ನೋಡಿ. ಸಾಮಾನ್ಯವಾಗಿ 2 ಅಥವಾ 3 ವರ್ಷ ಇರುತ್ತದೆ.

ಅಮ್ಮನ ಹೆಸರಲ್ಲಿ ಇನ್ಶೂರೆನ್ಸ್ ಇಲ್ಲವೇ ಇಲ್ಲ ಅನ್ನುವುದಾದರೆ, ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವವರು ಹಿರಿಯ ನಾಗರಿಕರ ಚಿಕಿತ್ಸಾ ಖರ್ಚು 50,000 ರೂಪಾಯಿವರೆಗೆ ಕಡಿತಕ್ಕೆ ತೋರಿಸಬಹುದು. ಅಲ್ಲೂ ನಗದು ನಡೆಯುವುದಿಲ್ಲ.

ನ್ಯೂಯಾರ್ಕ್ ಕನ್ನಡಿಗ

ನಿಮ್ಮ ತಮ್ಮ ಯಾಕೆ ಹಾಗೆ ಹೇಳುತ್ತಾರೆ ಅನ್ನುವುದು ನನಗೆ ಅರ್ಥವಾಗುತ್ತದೆ. ಇಲ್ಲಿ ಹಿರಿಯರಿಗೆ ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ ಇದೆ. ಆಸ್ಪತ್ರೆಯಲ್ಲಿ 3 ದಿನ ಒಳರೋಗಿಯಾಗಿ ಇದ್ದರೆ ಆಮೇಲೆ ನರ್ಸಿಂಗ್ ಸೆಂಟರಿನಲ್ಲಿ ಮೊದಲ 20 ದಿನ ರೋಗಿ ಏನೂ ಕೊಡಬೇಕಿಲ್ಲ. ಹಾಗಾಗಿ "ಮಂಡಿ ಆಪರೇಷನ್, ಆಮೇಲೆ ರಿಹ್ಯಾಬ್" ಅನ್ನುವುದು ಇಲ್ಲಿ ಎಷ್ಟೋ ಕಾಲ ರೂಢಿಯಾಗಿತ್ತು.

ಆದರೆ ಈಗ ಇಲ್ಲೂ ಗಾಳಿ ತಿರುಗಿದೆ. 2018ರ ಜನವರಿಯಿಂದ ಮಂಡಿ ಬದಲಾವಣೆಯನ್ನು ಒಳರೋಗಿಯಾಗಿಯೇ ಮಾಡಬೇಕು ಅನ್ನುವ ಮೆಡಿಕೇರ್ ಪಟ್ಟಿಯಿಂದ ತೆಗೆದರು, 2020ರಲ್ಲಿ ಸೊಂಟದ ಕೀಲನ್ನೂ ತೆಗೆದರು. ಅದೇ ದಿನ ಅಥವಾ ಮಾರನೇ ದಿನ ಮನೆಗೆ ಹೋಗುವವರು ಈಗ ಬೇಕಾದಷ್ಟು. ನನ್ನ ಅತ್ತೆಯೂ ಮಾರನೇ ದಿನ ಮನೆಗೆ ಬಂದರು, ಫಿಸಿಯೋ ಮನೆಗೇ ಬಂದರು. ತಮ್ಮನಿಗೆ ಇದನ್ನು ಹೇಳಿ. ಅವರ ದುಡ್ಡು ಬೇಡ ಅನ್ನಬೇಡಿ, ಆಯಾಗೆ, ಫಿಸಿಯೋಗೆ ಕೊಡಲಿ. ದೂರದಲ್ಲಿರುವ ಮಗನಿಗೂ ಏನಾದರೂ ಮಾಡಿದ ಸಮಾಧಾನ ಬೇಕಲ್ಲ. ನಾನೂ ಅದೇ ಜಾತಿ, ಗೊತ್ತು.

ಹುಬ್ಬಳ್ಳಿ ಮಂದಿ

ಇಲ್ಲಿ 55 ಸಾವಿರ ಅಂತ ಮಾತಾಡಲಿಕ್ಕೆ ಹತ್ತೀರಿ, ಅಷ್ಟು ಇಲ್ಲದವರೂ ಓದುತ್ತಾರ ನೋಡ್ರಿ. ಅವರಿಗಾಗಿ ನಾಲ್ಕು ಮಾತು.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು, ಅಲ್ಲಿ ಆಗದಿದ್ದರೆ ರೆಫರಲ್. ನೇರ ಖಾಸಗಿಗೆ ಹೋಗಿ ಆಮೇಲೆ ಕಾರ್ಡ್ ತೋರಿಸಿದರೆ ಏನೂ ನಡೆಯುವುದಿಲ್ಲ. ಕೇಂದ್ರದ ಯೋಜನೆಯಲ್ಲಿ ಡಿಸ್ಚಾರ್ಜ್ ಆದ 15 ದಿನದ ಔಷಧಿ, ಪರೀಕ್ಷೆಯ ಖರ್ಚೂ ಸೇರಿದೆ, ಅದನ್ನು ಬಿಡಬೇಡ್ರಿ, ಕೇಳಿ ತಗೊಳ್ರಿ.

ಫಿಸಿಯೋಗೆ ಜಿಲ್ಲಾ ಆಸ್ಪತ್ರೆ ನೋಡ್ರಿ. ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಅಡಿ ಅಲ್ಲಿ ಫಿಸಿಯೋಥೆರಪಿಯೂ ಇರಬೇಕು. ಬೆಂಗಳೂರಿನವರಿಗೆ ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆಯದ್ದೇ ಸರ್ಕಾರಿ ಸಂಸ್ಥೆ. ಇನ್ನೊಂದು, ಫಿಸಿಯೋಥೆರಪಿ ಕಾಲೇಜುಗಳ ಒಪಿಡಿ. ಕೋರ್ಸಿನ ಕೊನೆಗೆ ಹುಡುಗರು ಇಂಟರ್ನ್‌ಶಿಪ್ ಮಾಡಬೇಕು, ಮೇಲೆ ಮೇಷ್ಟ್ರು ನಿಂತಿರುತ್ತಾರೆ. ನಮ್ಮ ಅವ್ವನಿಗೆ ಹಂಗೇ ಆಯಿತು. ಆ ಹುಡುಗಿ ಕೋನ ಅಳೆದು ಬರೆದದ್ದು ಬರೆದದ್ದೇ, ಒಂದು ದಿನವೂ ಅವಸರ ಮಾಡಲಿಲ್ಲ.

2017ರ ಆಗಸ್ಟ್‌ನಲ್ಲಿ ಸರ್ಕಾರ ಮಂಡಿ ಇಂಪ್ಲಾಂಟಿಗೆ ದರ ಮಿತಿ ಹಾಕಿತು, ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂಗೆ ಆಗ 54,720 ರೂಪಾಯಿ. ಅಂದರೆ ಆ ಸೆಂಟರಿನ ಹತ್ತು ದಿನದ ಪ್ಯಾಕೇಜ್ ಕಾಲೊಳಗೆ ಹಾಕುವ ಲೋಹದ ಆಗಿನ ದರಕ್ಕಿಂತ ತುಟ್ಟಿ! ಪ್ಯಾಕೇಜಿಗೆ ಯಾರೂ ಮಿತಿ ಹಾಕಿಲ್ಲ.

ಪುತ್ತೂರಿನವ

ನಮ್ಮದು ತೋಟದ ಮನೆ, ಫಿಸಿಯೋ ಬರುವುದೇ ಕಷ್ಟ. ವಾರಕ್ಕೊಮ್ಮೆ ಪೇಟೆಗೆ ಕರೆದುಕೊಂಡು ಹೋಗಿ, ಉಳಿದ ದಿನ ವೀಡಿಯೊ ಕಾಲ್‌ನಲ್ಲಿ ಮಾಡಿಸಿದರೆ ನಡೆಯುತ್ತದಾ? ತಾಯಿಗೆ ಸೊಂಟದ ಕೀಲು, ಮಂಡಿ ಅಲ್ಲ. ಮತ್ತೆ ನಮ್ಮಲ್ಲಿ ಇರುವುದು ಇಂಡಿಯನ್ ಟಾಯ್ಲೆಟ್.

ಫಿಸಿಯೋ ಮೈಸೂರು

ನಡೆಯುತ್ತದೆ, ಮೊದಲ ಒಂದೆರಡು ಸಲ ನೇರ ನೋಡಿರಬೇಕು ಅಷ್ಟೇ. ಫೋನನ್ನು ಪಕ್ಕದಿಂದ ಹಿಡಿಯಿರಿ, ಮುಂದಿನಿಂದ ಹಿಡಿದರೆ ಕಾಲಿನ ಕೋನ ಕಾಣುವುದಿಲ್ಲ.

ಆದರೆ ಸೊಂಟದ ಕೀಲಿಗೆ ಮೇಲೆ ನಾನು ಹೇಳಿದ ವ್ಯಾಯಾಮವನ್ನು ಹಾಗೇ ಮಾಡಿಸಬೇಡಿ. ಹಿಂಬದಿಯಿಂದ ಕೊಯ್ದು ಮಾಡಿದ್ದರೆ ಸೊಂಟ 90 ಡಿಗ್ರಿಗಿಂತ ಜಾಸ್ತಿ ಬಗ್ಗಬಾರದು, ಕಾಲಿನ ಮೇಲೆ ಕಾಲು ಹಾಕಬಾರದು, ಪಾದ ಒಳಗೆ ತಿರುಗಿಸಬಾರದು. ಕೀಲು ಕಳಚುವ ಭಯ ಇರುತ್ತದೆ. ಎಷ್ಟು ವಾರ ಅನ್ನುವುದನ್ನು ನಿಮ್ಮ ಸರ್ಜನ್ ಹೇಳಬೇಕು. ಇಂಡಿಯನ್ ಟಾಯ್ಲೆಟ್ ಖಂಡಿತ ಬೇಡ. ನಡುವೆ ತೂತಿರುವ ಎತ್ತರದ ಕಮೋಡ್ ಸ್ಟೂಲ್ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಅದೇ ಗುಂಡಿಯ ಮೇಲೆ ಇಡಬಹುದು. ಕಾಲಿಗೆ ರಬ್ಬರ್ ಬುಷ್ ಇದೆಯಾ, ಅಲುಗಾಡುತ್ತದಾ ನೋಡಿ ಕೊಳ್ಳಿ.

ತುಮಕೂರು ಮಗಳು

ನೀವು ಹೇಳಿದ ಮೇಲೆ ಪಾಲಿಸಿ ತೆಗೆದು ನೋಡಿದೆ. ಕಾಯುವ ಅವಧಿ ಮುಗಿದಿದೆ, ಡಿಸ್ಚಾರ್ಜ್ ನಂತರ 60 ದಿನ ಇದೆ. ಸೆಂಟರಿಗೆ ಫೋನ್ ಮಾಡಿ "ದಿನಕ್ಕೆ ಫಿಸಿಯೋ ಎಷ್ಟು ಹೊತ್ತು, ಒಬ್ಬೊಬ್ಬರಿಗೇ ಮಾಡಿಸುತ್ತೀರಾ" ಎಂದು ಕೇಳಿದೆ. ದಿನಕ್ಕೆ ಒಂದು ಸಲ, ಅರ್ಧ ಗಂಟೆ, ಅದರಲ್ಲಿ ಸ್ವಲ್ಪ ಹೊತ್ತು ಯಂತ್ರ ಅಂದರು. ಉಳಿದ ಇಪ್ಪತ್ಮೂರೂವರೆ ಗಂಟೆ ಅಮ್ಮ ಅಲ್ಲಿ ಟಿವಿ ನೋಡುತ್ತಾ ಮಲಗಬೇಕು. ಅದನ್ನು ನಮ್ಮನೆಯಲ್ಲೇ ನೋಡಲಿ.

ಆಯಾ ಗೊತ್ತಾದರು, ಪಕ್ಕದ ಬೀದಿಯವರೇ. ಮೊದಲ ವಾರ ನಾನು ರಜೆ ಹಾಕುತ್ತೇನೆ, ಎರಡನೇ ವಾರ ಯಜಮಾನರು. ಅವರು "ನಾನಾ?" ಅಂದರು, ಹೌದು ನೀವೇ ಅಂದೆ. ಜೆಪಿ ನಗರದವರಿಗೆ ಇದಕ್ಕಾಗಿ ವಿಶೇಷ ಥ್ಯಾಂಕ್ಸ್!

ಒಂದೇ ಭಯ ಉಳಿದಿದೆ. ಮನೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಆದರೆ ಗೊತ್ತಾಗುವುದು ಹೇಗೆ?

ಫಿಸಿಯೋ ಮೈಸೂರು

ಮಂಡಿ ಬಿಸಿಯಾಗಿರುವುದು, ಸಂಜೆ ಹೊತ್ತಿಗೆ ಊದುವುದು ಕೆಲವು ತಿಂಗಳು ಇರುತ್ತದೆ, ಹೆದರಬೇಡಿ. ಐಸ್ ತುಂಡುಗಳನ್ನು ಕವರಿಗೆ ಹಾಕಿ, ಟವೆಲ್ ಸುತ್ತಿ 15–20 ನಿಮಿಷ ಇಡಿ. ಬಿಸಿ ಶಾಖ ಬೇಡ.

ಆಸ್ಪತ್ರೆಗೆ ಓಡಬೇಕಾದದ್ದು ಯಾವಾಗ ಅಂದರೆ, ಮೀನಖಂಡ ಗಟ್ಟಿಯಾಗಿ ಊದಿ ನೋಯುತ್ತಿದ್ದರೆ, ಅದು ರಕ್ತ ಹೆಪ್ಪುಗಟ್ಟಿರುವ ಸೂಚನೆ ಇರಬಹುದು. ಎದೆನೋವು, ಏದುಸಿರು ಬಂದರೆ ಫಿಸಿಯೋಗೆ ಫೋನ್ ಮಾಡುತ್ತಾ ಕೂರಬೇಡಿ, ನೇರ 108. ಗಾಯದಿಂದ ಸೋರುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ ಅವತ್ತೇ ಸರ್ಜನ್. ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ಕೊಡುವುದು ಬೇಡವೇ ಬೇಡ. ರಕ್ತ ತೆಳು ಮಾಡುವ ಮಾತ್ರೆ ಕೊಟ್ಟಿದ್ದರೆ ಒಂದು ಹೊತ್ತೂ ತಪ್ಪಿಸಬೇಡಿ. ಸಕ್ಕರೆ ಮನೆಯಲ್ಲೇ ಚೆಕ್ ಮಾಡಿ ಬರೆದಿಡಿ.

ಕಾಲು ಸರಿಯಾದ ದಾರಿಯಲ್ಲಿದೆಯಾ ಎಂದು ನೋಡಲು ಯಂತ್ರ ಬೇಡ. ಎರಡು ವಾರದ ಹೊತ್ತಿಗೆ ಕುರ್ಚಿಯಲ್ಲಿ ಕೂತಾಗ ಪಾದ ನೆಲದ ಮೇಲೆ, ಮಂಡಿಯಿಂದ ಕೆಳಗಿನ ಕಾಲು ಗೋಡೆಯಂತೆ ನೆಟ್ಟಗೆ ನಿಂತರೆ ಅದೇ 90 ಡಿಗ್ರಿ. ಆರು ವಾರದಲ್ಲಿ ಪಾದ ಕುರ್ಚಿಯ ಕೆಳಗೆ ಹಿಂದಕ್ಕೆ ಹೋಗಬೇಕು. ಆರು ವಾರ ಆದರೂ 90 ದಾಟದಿದ್ದರೆ ಮಾತ್ರ ಸುಮ್ಮನಿರಬೇಡಿ, ಸರ್ಜನ್‌ಗೆ ತೋರಿಸಿ. ಅರಿವಳಿಕೆ ಕೊಟ್ಟು ಬಗ್ಗಿಸುವ ದಾರಿ ಇದೆ, ತುಂಬಾ ತಡವಾದರೆ ಅದೂ ಕೆಲಸ ಮಾಡುವುದಿಲ್ಲ.

ಮಲ್ಲೇಶ್ವರದ ಅಜ್ಜಿ

ಮಗೂ, ವಾಕರ್ ಕೊಳ್ಳಬೇಡ. ನನ್ನದು ಅಟ್ಟದ ಮೇಲಿದೆ, ಕಮೋಡ್ ಚೇರೂ ಇದೆ. ಮೊಮ್ಮಗ ಮೆಸೇಜಿನಲ್ಲಿ ವಿಳಾಸ ಕಳಿಸುತ್ತಾನೆ, ಭಾನುವಾರ ಬಂದು ತೆಗೆದುಕೊಂಡು ಹೋಗು. ಎತ್ತರ ನಿಮ್ಮಮ್ಮನಿಗೆ ಹೊಂದಿಸಿಕೋ, ಬಟನ್ ಒತ್ತಿದರೆ ಇಳಿಯುತ್ತೆ. ಕೆಳಗಿನ ರಬ್ಬರ್ ಬುಷ್ ಸವೆದಿದೆ, ನಾಲ್ಕೂ ಹೊಸದು ಹಾಕಿಸಿಬಿಡು.

ಪುತ್ತೂರಿನವ

ಅಜ್ಜಿ, ಅವರದ್ದು ಮುಗಿದ ಮೇಲೆ ನಮಗೆ ಆ ಚೇರ್ ಸಿಗಬಹುದಾ? ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಹಾಕಿದರೆ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತೇನೆ.